ಬೀಗರ ಕಣ್ಣಿಗೆ ಬಿದ್ದ ಹಳದಿ ದೀಪ

ಕಾರಿನ ಸ್ಟೇರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಎಂಜಿನ್ನಿನ ಚಿತ್ರವಿರುವ ಒಂದು ಸಣ್ಣ ಹಳದಿ ದೀಪ ಇರುತ್ತದೆ. ಅದು ಹತ್ತಿತೆಂದರೆ ಎಂಜಿನ್ನಿನಲ್ಲಿ ಏನೋ ಸರಿಯಿಲ್ಲ ಎಂದರ್ಥ. ಏನು ಸರಿಯಿಲ್ಲ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಮುನಿಸಿಕೊಂಡು ಮಲಗಿದವರನ್ನು ಏನಾಯಿತೆಂದು ಕೇಳಿದರೆ ಏನಿಲ್ಲ ಎಂದು ಗೋಡೆಯ ಕಡೆ ಹೊರಳುತ್ತಾರಲ್ಲ, ಇದೂ ಅದೇ ಜಾತಿ. ಅಂಥ ದೀಪವೊಂದು ನನ್ನನ್ನು ಹಿಟ್ಟು ಬೀಸುವುದು ಬಿಟ್ಟು ಕಾರಿನೊಳಗೆ ತಲೆಕೆಳಗಾಗಿ ಮಲಗುವಂತೆ ಮಾಡಿತು.

ನಾನು ಲಕ್ಷ್ಮೇಶ್ವರದಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಕೈಕೆಳಗೆ ಗಿರಣಿ ಸೇರಿದೆ. ಕರೆಂಟು ಹೋದಾಗ ನಡೆಸಲು ನಮ್ಮಲ್ಲಿ ಅಪ್ಪನ ಕಾಲದ ಒಂದು ಡೀಸೆಲ್ ಎಂಜಿನ್ ಇದೆ. ನನಗೆ ಬುದ್ಧಿ ಬಂದಾಗಿನಿಂದ ಅದಕ್ಕೆ ಹೊರಗಿನ ಮೇಸ್ತ್ರಿಯ ಕೈ ಬಿದ್ದಿಲ್ಲ. ಅದರ ಸದ್ದಿನಲ್ಲಿ ಒಂದು ಎಳೆ ತಪ್ಪಿದರೂ ನಾನು ಊಟಕ್ಕೆ ಕೂತಲ್ಲಿಂದಲೇ ಎದ್ದು ಹೋಗುತ್ತೇನೆ. ಹಾಗಾಗಿ ಹಳೆಯ ಕಾರು ಕೊಳ್ಳುವ ಹೊತ್ತು ಬಂದಾಗ ಡೀಸೆಲ್ ಗಾಡಿಯನ್ನೇ ಆರಿಸಿದೆ. ಪೆಟ್ರೋಲ್ ಗಾಡಿ ಪರರ ಮಗ, ಡೀಸೆಲ್ ಗಾಡಿ ನಮ್ಮ ಮನೆಯದೇ ಕೂಸು ಎಂಬ ಧೈರ್ಯ ನನ್ನದು.

ಆ ದೀಪ ಹತ್ತಿದಾಗ ಮೊದಲು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಳೆಯ ಗಾಡಿ, ವಯಸ್ಸಾದವರ ಕೆಮ್ಮಿನ ಹಾಗೆ ಇದೂ ಒಂದು ಇರಲಿ ಎಂದುಕೊಂಡೆ. ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮುಂಡರಗಿಗೆ ಹೋಗುವಾಗ ಮಾತ್ರ ಅದು ಮಾನ ಕಳೆಯಿತು. ಹಿಂದಿನ ಸೀಟಿನಲ್ಲಿ ಹಸಿರು ಸೀರೆ, ಬಳೆ, ಹೋಳಿಗೆಯ ಬುಟ್ಟಿಗಳನ್ನು ತುಂಬಿಕೊಂಡು ಹೊರಟಿದ್ದೆವು. ಶಿರಹಟ್ಟಿ ದಾಟಿ ಏರು ಬಂದಾಗ ಗಾಡಿ ಎಳೆಯಲಿಲ್ಲ. ಆಕ್ಸಲರೇಟರು ಎಷ್ಟು ತುಳಿದರೂ, ಒಲ್ಲದ ಎತ್ತಿನಂತೆ ಕುತ್ತಿಗೆ ಕೆಳಗೆ ಹಾಕಿಕೊಂಡು ನಡೆಯಿತು. ಹಿಂದೆ ಬರುತ್ತಿದ್ದ ಜೋಳದ ಟ್ರ್ಯಾಕ್ಟರಿನವನು ನಮ್ಮನ್ನು ದಾಟಿ ಹೋದ. ಹೋಗುವಾಗ ತಿರುಗಿಯೂ ನೋಡಿದ.

ಬೀಗರು ಮುಂಡರಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವರು. ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ. ಅವರಲ್ಲೊಂದು ಹೊಸ ಜೀಪಿದೆ. ಗಾಡಿ ಚಾಲೂ ಇಟ್ಟುಕೊಂಡೇ ಸಾಮಾನು ಇಳಿಸುತ್ತಿದ್ದಾಗ ಅವರು ನನ್ನ ಕಾರಿನ ಬಾಗಿಲಿನಲ್ಲಿ ತಲೆ ಹಾಕಿ ಒಳಗೆ ನೋಡಿದರು.

"ಬೀಗರ, ದೀಪ ಹತ್ತೇತಲ್ರಿ."

"ಹಳೇ ಗಾಡಿ ನೋಡ್ರಿ, ಸುಮ್ನ ಹತ್ತತೈತಿ," ಎಂದೆ.

"ಸುಮ್ನ ಹತ್ತೂದಾದ್ರ ಮಾಡಿದವರು ಯಾಕ ಇಡತಿದ್ರು?"

ಊಟವಾದ ಮೇಲೆ, ಎಲೆಯಡಿಕೆ ಹಾಕಿಕೊಳ್ಳುತ್ತ, ಹತ್ತು ಮಂದಿಯ ಮುಂದೆ ಅವರು ಆ ಮಾತನ್ನು ಮತ್ತೆ ತೆಗೆದರು. ನಮ್ಮಲ್ಲಿ ಕುಬಸವಾದ ಮೇಲೆ ಏಳನೆಯ ತಿಂಗಳಲ್ಲೇ ಮಗಳನ್ನು ತವರಿಗೆ ಕರೆದುಕೊಂಡು ಬರಬೇಕು. ಎಂಟು ಬಿತ್ತೆಂದರೆ ಬಸುರಿಯನ್ನು ಊರು ದಾಟಿಸುವುದಿಲ್ಲ. ಏಳು ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಕರೆದೊಯ್ಯಲು ಮುಂದಿನ ಗುರುವಾರ ಚಲೋ ಇದೆ ಎಂದು ಹೆಂಗಸರು ಮಾತಾಡಿಕೊಂಡಿದ್ದರು.

"ಗುರುವಾರ ಬರ್ರಿ, ಬ್ಯಾಡ ಅನ್ನಂಗಿಲ್ಲ," ಎಂದರು ಬೀಗರು. "ಆದ್ರ ಆ ದೀಪ ಆರಿಸ್ಕೊಂಡು ಬರ್ರಿ. ಅದು ಆರೋತನಕ ನನ್ನ ಸೊಸಿನ್ನ ಆ ಗಾಡ್ಯಾಗ ಕಳಸಂಗಿಲ್ಲ. ಎಂಟು ಬಿದ್ರ ಹೆರಿಗಿ ಇಲ್ಲೇ ಆಗ್ಲಿ, ನಮ್ಮೂರಾಗೂ ದವಾಖಾನಿ ಅದಾವು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಕಂಡಿತು. ಮೊದಲ ಹೆರಿಗೆ. ತಾಯಿಯ ಹತ್ತಿರ ಇರಬೇಕೆಂದು ಆಕೆ ಎಷ್ಟು ದಿನದಿಂದ ಕಾಯುತ್ತಿದ್ದಳೆಂಬುದು ನನಗೆ ಗೊತ್ತಿತ್ತು. ಹೊತ್ತು ಹೊತ್ತಿಗೆ ಫೋನು ಮಾಡಿ, ಅವ್ವ ನಾ ಬಂದಾಗ ಇದನ್ನ ಮಾಡು, ಅದನ್ನ ಮಾಡು ಎಂದು ಹೇಳಿಟ್ಟಿದ್ದಳು.

ವಾಪಸು ಬರುವಾಗ ದಾರಿಯಲ್ಲಿ ಹೆಂಡತಿ ಒಂದೇ ಮಾತು ಹೇಳಿದಳು. ಬಾಡಿಗೆ ಗಾಡಿ ತೆಗೆದುಕೊಂಡು ಹೋಗೋಣ, ಮುಗಿಯಿತು. ನಾನು ಆಗುವುದಿಲ್ಲ ಎಂದೆ. ಬಾಡಿಗೆ ಗಾಡಿಯಲ್ಲಿ ಹೋದರೆ ಗಿರಣಿಯವನಿಗೆ ಒಂದು ಕಾರು ಇಟ್ಟುಕೊಳ್ಳಲು ಬರಲಿಲ್ಲ ಎಂಬ ಮಾತು ಮುಂಡರಗಿಯಲ್ಲಿ ಬೀಜದ ಚೀಲದ ಜೊತೆ ಹಳ್ಳಿಹಳ್ಳಿಗೆ ಹೋಗುತ್ತದೆ.

"ನನಗ ಮಗಳು ಬರಬೇಕ್ರಿ," ಎಂದಳು ಆಕೆ. "ನಿಮ್ಮ ಗಾಡಿ ಬರದಿದ್ರೂ ನಡಿತೈತಿ. ಬುಧವಾರ ಸಂಜಿತನಕ ನೋಡ್ತೀನಿ. ಆಮ್ಯಾಲ ನಾನ ಬಾಡಿಗಿ ಗಾಡಿಗೆ ಹೇಳ್ತೀನಿ."

ಅಲ್ಲಿಂದ ಶುರುವಾಯಿತು ನೋಡಿ. ಕಾರು ಕೆಟ್ಟರೆ ಓಣಿಯಲ್ಲಿ ಡಾಕ್ಟರಲ್ಲದವರೇ ಇರುವುದಿಲ್ಲ. ಒಬ್ಬರು ಡೀಸೆಲ್ಲಿನಲ್ಲಿ ನೀರು ಸೇರಿದೆ ಎಂದರು. ಇನ್ನೊಬ್ಬರು ಇಲಿ ವೈರು ಕಡಿದಿದೆ ಎಂದರು. ನಿಂಬೆಹಣ್ಣು ಕಟ್ಟಿ ಎಷ್ಟು ದಿನವಾಯಿತು ಎಂದು ಮತ್ತೊಬ್ಬರು ಕೇಳಿದರು. ಎದುರು ಮನೆಯ ರಿಟೈರಾದ ಬಸ್ ಡ್ರೈವರ್ ಒಬ್ಬರು ಬ್ಯಾಟರಿಯ ವೈರು ಕಳಚಿ, ಚಹಾ ಕುಡಿದು ಬಂದು ಮತ್ತೆ ಜೋಡಿಸು ಎಂದರು. ಹಾಗೇ ಮಾಡಿದೆ. ಗಾಡಿ ಚಾಲೂ ಮಾಡಿದರೆ ದೀಪ ಮಾಯ. ಅವರು ಕಟ್ಟೆಯ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು ಕೂತರು. ನಾನು ಬೀಗರಿಗೆ ಫೋನು ಹಚ್ಚುವ ಮುಂಚೆ ಒಂದು ಸುತ್ತು ಹೋಗಿಬರೋಣ ಎಂದು ಹೊರಟೆ. ಯಳವತ್ತಿಯ ಹತ್ತಿರ ಬಂದಾಗ ಅದು ಮತ್ತೆ ಹತ್ತಿಕೊಂಡಿತು. ಅಷ್ಟೇ ಹಳದಿ, ಅಷ್ಟೇ ಮೌನ. ಗಾಡಿ ಎಳೆಯದೇ ಇರುವುದು ಇದ್ದೇ ಇತ್ತು. ದೀಪ ಆರಿದ್ದು ರೋಗ ಹೋದದ್ದಕ್ಕಲ್ಲ, ಬ್ಯಾಟರಿ ಕಳಚಿದಾಗ ಅದು ತನ್ನ ದೂರನ್ನೇ ಮರೆತಿತ್ತು, ಅಷ್ಟೇ.

ಮರುದಿನ ಗದಗಕ್ಕೆ ಒಯ್ದೆ. ಒಂದು ದೊಡ್ಡ ಗ್ಯಾರೇಜಿನಲ್ಲಿ ನನ್ನನ್ನು ಗಾಜಿನ ಆಚೆ ಕುರ್ಚಿಯ ಮೇಲೆ ಕೂಡಿಸಿದರು. ನನ್ನ ಗಾಡಿಯ ಹತ್ತಿರ ನಾನು ಹೋಗುವ ಹಾಗಿಲ್ಲವಂತೆ. ಒಬ್ಬ ಹುಡುಗಪ್ರಾಯದ ಮೇಸ್ತ್ರಿ ಏನೋ ಒಂದು ಯಂತ್ರ ಚುಚ್ಚಿದ, ಹೊರಗೆ ಬಂದ, ಗಾಡಿ ಎರಡು ವಾರ ಬಿಟ್ಟುಹೋಗಿ ಎಂದ. ಏನಾಗಿದೆ ಎಂದು ಕೇಳಿದೆ. ಬಿಚ್ಚಿ ನೋಡಬೇಕು ಎಂದ. ಬಾನೆಟ್ ಕೂಡ ಎತ್ತದೆ ಎರಡು ವಾರ ಎಂದು ಹೇಗೆ ಹೇಳಿದಿ ಎಂದು ಕೇಳಬೇಕೆಂದಿದ್ದೆ. ಗುರುವಾರದ ನೆನಪಾಗಿ ಕೀಲಿ ಇಸಿದುಕೊಂಡು ಬಂದೆ.

ಬರುವಾಗ ಗದಗ ಪೇಟೆಯ ಒಂದು ಬಿಡಿಭಾಗದ ಅಂಗಡಿಯಲ್ಲಿ ಅಂಥದೇ ಯಂತ್ರದ ಚಿಕ್ಕ ತಮ್ಮನನ್ನು ಕಂಡೆ. ಕಡ್ಡಿಪೆಟ್ಟಿಗೆಯಷ್ಟಿದೆ. ಸ್ಟೇರಿಂಗಿನ ಕೆಳಗೆ ಅದಕ್ಕೆಂದೇ ಒಂದು ಕಿಂಡಿ ಇರುತ್ತದಂತೆ. ಅಲ್ಲಿ ಚುಚ್ಚಿದರೆ ಅದು ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಅದನ್ನು ಕೊಂಡು ತಂದೆ. ಆ ಕಿಂಡಿ ಹುಡುಕಲು ಬ್ರೇಕಿನ ಹತ್ತಿರ ತಲೆ, ಸೀಟಿನ ಮೇಲೆ ಕಾಲು ಇಟ್ಟುಕೊಂಡು ಮಲಗಿದ್ದಾಗ, ಬೀಸಲು ಗೋಧಿ ತಂದ ಮುದುಕಿಯೊಬ್ಬಳು ಮಾಲೀಕರಿಗೆ ಮೈಯಲ್ಲಿ ಆರಾಮಿಲ್ಲವೇ ಎಂದು ನನ್ನ ಹೆಂಡತಿಯನ್ನು ಕೇಳಿದಳಂತೆ.

ಮೊಬೈಲಿನಲ್ಲಿ ಬಂದದ್ದೆಲ್ಲ ಇಂಗ್ಲಿಷು. ಅಕ್ಷರ ನನಗೆ ಬರುತ್ತವೆ, ಕೂಡಿಸಿ ಓದಬಲ್ಲೆ, ಆದರೆ ಓದಿದ್ದು ತಲೆಯೊಳಗೆ ಇಳಿಯುವಷ್ಟರಲ್ಲಿ ಮೊಬೈಲಿನ ಬೆಳಕೇ ಆರಿರುತ್ತದೆ. ಕೊನೆಗೆ ಅದರ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಆಕೆ ಡಿಗ್ರಿ ಮುಗಿಸಿದವಳು. ಸ್ವಲ್ಪ ಹೊತ್ತಿಗೆ ಫೋನು ಬಂತು.

"ಅಪ್ಪಾ, ಎಂಜಿನ್ನಿಗೆ ಹೋಗೋ ಗಾಳಿ ಅಳಿಯಾಕ ಒಂದು ಸೆನ್ಸರ್ ಐತಂತ. ಅದು ಹೇಳೋ ಲೆಕ್ಕ ಹೊಂದವಲ್ದಂತ."

"ಗಾಳಿ ಕಮ್ಮಿ ಆಗೇತೇನು?"

"ಗಾಳಿ ಕಮ್ಮಿ ಆಗೇತೋ, ಸೆನ್ಸರೇ ಸುಳ್ಳು ಹೇಳತೈತೋ, ಅದು ಇದರಾಗ ಇಲ್ಲ. ನೀ ಹುಡುಕಬೇಕು." ಆಮೇಲೆ ಕೇಳಿದಳು, "ಗುರುವಾರ ಬರ್ತೀಯಲ್ಲಪ್ಪ?"

ಬರ್ತೀನಿ ಎಂದೆ. ಮನಸ್ಸಿಗೆ ಹಗುರಾಯಿತು. ಗಾಳಿಯ ವಿಷಯವೇ? ಹಾಗಾದರೆ ಇದು ನನ್ನ ಅಂಗಳ. ಗಿರಣಿಯವನಿಗೆ ಎಂಜಿನ್ನಿನ ಮೂಗು ಕಟ್ಟಿಕೊಳ್ಳುವುದರ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಹಿಟ್ಟಿನ ಧೂಳಿನಲ್ಲೇ ಉಸಿರಾಡುವ ಎಂಜಿನ್ ನೋಡಿದವನು ನಾನು. ಬಾನೆಟ್ ಎತ್ತಿ ಏರ್ ಫಿಲ್ಟರ್ ತೆಗೆದೆ. ಕಾರು ಕೊಂಡಾಗಿನಿಂದ ಅದನ್ನು ತಿಂಗಳಿಗೊಮ್ಮೆ ನಾನೇ ತೊಳೆಯುತ್ತಿದ್ದೆ. ಈ ಸಲ ಇನ್ನಷ್ಟು ಜೀವ ಹಾಕಿ ತೊಳೆದೆ. ಡೀಸೆಲ್ಲಿನಲ್ಲಿ ಜಾಲಿಸಿ, ಬಿಸಿಲಿಗೆ ಒಣಗಿಸಿ, ನಮ್ಮ ಗಿರಣಿಯ ಪದ್ಧತಿಯಂತೆ ಹೊಸ ಎಂಜಿನ್ ಆಯಿಲಿನಲ್ಲಿ ಚೆನ್ನಾಗಿ ಅದ್ದಿ, ಸೋರಿಸಿ, ಒಳಗೆ ಕೂಡಿಸಿದೆ.

ಗಾಡಿ ಮೊದಲಿಗಿಂತ ಕೆಟ್ಟಿತು. ಬಸ್ ಸ್ಟ್ಯಾಂಡಿನ ಹತ್ತಿರದ ಸಣ್ಣ ಏರಿಗೇ ತಿಣುಕಿತು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಸೇವೆ ಮಾಡಿದರೂ ಹೀಗೆ ಮಾಡುವ ವಸ್ತುವನ್ನು ಏನೆನ್ನಬೇಕು? ಮಂಗಳವಾರ ಸೆನ್ಸರನ್ನೇ ಹೊರತೆಗೆದೆ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಅದು ಕೂತಿರುತ್ತದೆ. ತುದಿಯಲ್ಲಿ ಕೂದಲೆಳೆಯಂಥ ತಂತಿ. ಬೆಳಕಿಗೆ ಹಿಡಿದು ನೋಡಿದರೆ ತಂತಿಯ ಮೇಲೆ ಜಿಡ್ಡು, ಜಿಡ್ಡಿನ ಮೇಲೆ ಧೂಳು. ಅದೇ ಸುಳ್ಳು ಹೇಳುತ್ತಿರುವುದು ಎಂಬುದು ಸ್ಪಷ್ಟವಾಯಿತು. ಆದರೆ ಗಾಳಿ ಹೋಗುವ ದಾರಿಯಲ್ಲಿ ಎಣ್ಣೆ ಎಲ್ಲಿಂದ ಬಂತು? ಎಂಜಿನ್ನಿನ ಒಳಗಿಂದ ಎಣ್ಣೆ ಹಿಂದಕ್ಕೆ ಬರುತ್ತಿದ್ದರೆ ಕೆಲಸ ದೊಡ್ಡದು. ಗುರುವಾರವಿರಲಿ, ದೀಪಾವಳಿಗೂ ಮುಗಿಯುವುದಲ್ಲ. ಪೈಪುಗಳನ್ನೆಲ್ಲ ಬಿಚ್ಚಿ ಬಟ್ಟೆಯಿಂದ ಒರೆಸಿ ನೋಡಿದೆ. ಎಂಜಿನ್ ಕಡೆಯ ಪೈಪು ಒಣಗಿತ್ತು. ಫಿಲ್ಟರ್ ಕಡೆಯದು ಜಿಡ್ಡು. ಆಗಲೂ ನನಗೆ ಹೊಳೆಯಲಿಲ್ಲ. ಎಣ್ಣೆ ಫಿಲ್ಟರಿನ ಕಡೆಯಿಂದ ಹೇಗೆ ಬಂತಪ್ಪ ಎಂದು ತಲೆ ಕೆರೆದುಕೊಳ್ಳುತ್ತ ಕೂತೆ.

ಅಷ್ಟರಲ್ಲಿ ಹೆಂಡತಿ ಒಂದು ಪರಾತ ಹಿಡಿದುಕೊಂಡು ಹೊರಗೆ ಬಂದಳು. ರೊಟ್ಟಿಯ ಹಿಟ್ಟು ನಾದುವ ಅಗಲವಾದ ತಟ್ಟೆ. ಅದರಲ್ಲೇ ನಾನು ಫಿಲ್ಟರ್ ಅದ್ದಿದ್ದೆ. ತೊಳೆದಿದ್ದೆನಾದರೂ ವಾಸನೆ ಹೋಗಿರಲಿಲ್ಲ. ಮಗಳು ಬಂದರೆ ಇದರಲ್ಲಿ ರೊಟ್ಟಿ ಮಾಡಿ ಹಾಕಲೇ ಎಂದು ಕೇಳಿದಳು. ನಾನು ಆ ಮಾತು ಕಿವಿಗೆ ಹಾಕಿಕೊಳ್ಳದೆ, ಎಣ್ಣೆ ಎಲ್ಲಿಂದ ಬಂತೋ ತಿಳಿಯುತ್ತಿಲ್ಲ, ಈ ಗಾಡಿ ನನ್ನ ಜೀವ ತಿನ್ನುತ್ತಿದೆ ಎಂದು ಗೊಣಗಿದೆ.

ಆಕೆ ಪರಾತವನ್ನೂ ನನ್ನನ್ನೂ ನೋಡಿದಳು.

"ಎಲ್ಲಿಂದ ಬಂತಂದ್ರ? ನೀವ ಹಾಕೀರಲ್ರಿ. ಕಾಗದಾ ಎಣ್ಣ್ಯಾಗ ಅದ್ದಿ ಮೂಗಿಗೆ ಕಟ್ಟಿದ್ರ ಯಾರ ಉಸರಾಡ್ತಾರ?"

ನಾನು ಬಾಯಿ ತೆರೆದೆ. ಗಿರಣಿಯ ಎಂಜಿನ್ನಿಗೂ ಹೀಗೇ ಮಾಡುವುದು, ಅಪ್ಪ ಕಲಿಸಿದ್ದು ಎಂದು ಹೇಳಲು ಹೊರಟೆ. ಮಾತು ಅರ್ಧಕ್ಕೇ ನಿಂತಿತು. ಗಿರಣಿಯ ಎಂಜಿನ್ನಿನ ಗಾಳಿಯ ಬಾಯಲ್ಲಿ ಎಣ್ಣೆಯ ಬಟ್ಟಲು ಇದೆ, ನಿಜ. ಧೂಳು ಎಣ್ಣೆಗೆ ಅಂಟಿ ಅಲ್ಲೇ ಉಳಿಯುತ್ತದೆ. ಆದರೆ ಅಲ್ಲಿರುವುದು ತಂತಿಯ ಜಾಳಿಗೆ. ಎಣ್ಣೆ ಅದರ ಆಹಾರ. ಕಾರಿನ ಫಿಲ್ಟರ್ ಕಾಗದದ್ದು, ಅದು ಒಣಗಿಯೇ ಇರಬೇಕು. ಎಣ್ಣೆ ಕುಡಿದ ಕಾಗದ ಗಾಳಿಯನ್ನು ತಡೆದಿತ್ತು. ತಡೆದು ಉಳಿದ ಎಣ್ಣೆಯನ್ನು ಹನಿಹನಿಯಾಗಿ ಆ ಕೂದಲೆಳೆಯ ತಂತಿಗೆ ಉಗುಳಿತ್ತು. ತಿಂಗಳು ತಿಂಗಳು ನಾನು ಮಾಡಿದ ಸೇವೆಯೇ ಅದರ ರೋಗ. ಸಿಟ್ಟು ಮಾಡಲು ಬೇರೆ ಯಾರಾದರೂ ಸಿಗುತ್ತಾರೇನೋ ಎಂದು ಸುತ್ತ ನೋಡಿದೆ. ಎದುರು ಕಟ್ಟೆಯ ಡ್ರೈವರ್ ಕೂಡ ಒಳಗೆ ಹೋಗಿದ್ದರು.

ಅಂಗಡಿಯಿಂದ ಹೊಸ ಫಿಲ್ಟರ್ ತಂದೆ. ಸೆನ್ಸರ್ ತೊಳೆಯಲು ಒಂದು ಸ್ಪ್ರೇ ಡಬ್ಬಿ ಕೊಟ್ಟರು. ತಂತಿಗೆ ಬೆರಳು ತಾಗಿಸಬಾರದು, ಬಟ್ಟೆ ಮುಟ್ಟಿಸಬಾರದು, ದೂರದಿಂದ ಹೊಡೆದು ಗಾಳಿಗೆ ಆರಲು ಬಿಡಬೇಕು. ಒರೆಸದೆ ಬಿಡುವುದು ನನ್ನ ಕೈಗೆ ಬಹಳ ಕಷ್ಟವಾಯಿತು. ಫಿಲ್ಟರ್ ಕೂಡುವ ಪೆಟ್ಟಿಗೆಯ ಒಳಗೆಲ್ಲ ಜಿಡ್ಡು ತೆಗೆದು, ಹೊಸದನ್ನು ಬಂದ ಹಾಗೇ, ಒಣದಾಗಿ ಕೂಡಿಸಿದೆ. ಬುಧವಾರ ಬೆಳಿಗ್ಗೆ ಶಿರಹಟ್ಟಿಯ ದಾರಿ ಹಿಡಿದೆ. ಏರಿನಲ್ಲಿ ಆಕ್ಸಲರೇಟರಿನ ಮೇಲೆ ಕಾಲು ಇಡುತ್ತಲೇ ಗಾಡಿ ಮುಂದಕ್ಕೆ ಹಾರಿತು. ಸದ್ದು ಸಣ್ಣಗೆ, ಒಂದೇ ಎಳೆಯಲ್ಲಿ. ಗುಣವಾಗಿದೆ ಎಂದು ನನ್ನ ಕಿವಿ ಹೇಳಿತು.

ದೀಪ ಮಾತ್ರ ಆರಲಿಲ್ಲ.

ಮಗಳಿಗೆ ಫೋನು ಮಾಡಿದೆ. ಆಕೆ ಇಂಟರ್ನೆಟ್ಟಿನಲ್ಲಿ ಓದಿ ಹೇಳಿದಳು: ನಿಜವಾಗಿ ಸರಿಯಾಗಿದ್ದರೆ ಕೆಲವು ಸಲ ಓಡಿಸಿದ ಮೇಲೆ ತಾನೇ ಆರುತ್ತದೆ. ಈಗಲೇ ಆರಬೇಕೆಂದರೆ ಸುದ್ದಿ ತೋರಿಸುವ ಮೊಬೈಲಿನ ಆಪಿನಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಅಳಿಸಿಹೋಗುತ್ತದೆ. ಒತ್ತಿಬಿಡು, ಮಾವನ ಬಾಯಿ ಮುಚ್ಚುತ್ತದೆ ಎಂದಳು. ಗಾಡಿಯಲ್ಲಿ ಕೂತು ಆ ಗುಂಡಿಯ ಮೇಲೆ ಬೆರಳು ಹಿಡಿದೆ. ಹೆಂಡತಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಒತ್ತಿದ್ದರೆ ಎಲ್ಲರಿಗೂ ಚಲೋ ಆಗುತ್ತಿತ್ತು. ಆದರೆ ಬ್ಯಾಟರಿ ಕಳಚಿದಾಗಲೂ ಅದು ಆರಿತ್ತಲ್ಲ. ಆರಿದ ದೀಪವನ್ನು ನಂಬಿ ಏಳು ತಿಂಗಳ ಬಸುರಿಯನ್ನು ಕೂಡಿಸಿಕೊಂಡು ಕಪ್ಪತಗುಡ್ಡದ ಬದಿಯ ಏರಿನಲ್ಲಿ ಹೊರಟರೆ, ಅದು ಗುಣವಾಗಿ ಆರಿದ್ದೋ ಮರೆತು ಆರಿದ್ದೋ ನನಗೇ ಗೊತ್ತಿರುವುದಿಲ್ಲ. ತಾನೇ ಆರಲಿ ಎಂದು ಬಿಟ್ಟೆ. ಹೆಂಡತಿ ಹಣೆ ಚಚ್ಚಿಕೊಂಡಳು. ಆದರೆ ಸಂಜೆ ಆಕೆಯನ್ನು ಕೂಡಿಸಿಕೊಂಡು ಒಂದು ಸುತ್ತು ಹೋಗಿಬಂದ ಮೇಲೆ ಬಾಡಿಗೆ ಗಾಡಿಯ ಮಾತು ತೆಗೆಯಲಿಲ್ಲ.

ಗುರುವಾರ ಮುಂಡರಗಿಯಲ್ಲಿ ನಾನು ಕಾರು ನಿಲ್ಲಿಸುವ ಮುಂಚೆಯೇ ಬೀಗರು ಅಂಗಡಿಯ ಮೆಟ್ಟಿಲು ಇಳಿದು ಬಂದರು. ಕೈ ಮುಗಿದರು, ಆರಾಮೇನ್ರಿ ಎಂದರು, ತಲೆ ಒಳಗೆ ಹಾಕಿದರು.

"ಹತ್ತೇತಲ್ರಿ ಇನ್ನೂ."

"ಹತ್ತೇತ್ರಿ. ಆದ್ರ ಗಾಡಿ ಸರಿ ಐತಿ. ಫಿಲ್ಟರಿಗೆ ನಾನ ಎಣ್ಣಿ ಹಾಕಿ ಕೆಡಿಸಿದ್ದೆ. ನಾನ ಬಿಚ್ಚಿ ಸರಿ ಮಾಡೀನಿ. ದೀಪ ಆರಾಕ ಇನ್ನೊಂದಿಷ್ಟು ಓಡಬೇಕು."

"ಓಡಿಸಿ ನೋಡಾಕ ನನ್ನ ಸೊಸೀನ ಬೇಕೇನ್ರಿ ನಿಮಗ?"

ಅಂಗಡಿಯಲ್ಲಿ ಕೂತಿದ್ದ ಗಿರಾಕಿಗಳು ನಕ್ಕರು. ಕೆನ್ನೆಗೆ ಹೊಡೆದ ಹಾಗಾಯಿತು. ಕೀಲಿಯನ್ನು ಅವರ ಮುಂದೆ ಹಿಡಿದೆ. ಅವರು ಒಂದು ಕ್ಷಣ ನೋಡಿ, ಧೋತರ ಎತ್ತಿಕೊಂಡು ಹತ್ತಿದರು. ಊರ ಹೊರಗಿನ ಏರಿನವರೆಗೂ ಅವರೇ ಓಡಿಸಿದರು, ನಾನು ಪಕ್ಕದಲ್ಲಿ ಕೂತಿದ್ದೆ. ತುಳಿದರು, ಬಿಟ್ಟರು, ಏರಿನ ನಡುವೆ ನಿಲ್ಲಿಸಿ ಮತ್ತೆ ಎತ್ತಿದರು. ಹಿಂದಿರುಗುವಾಗ ಒಂದೇ ಮಾತು ಅವರ ಬಾಯಿಂದ ಬಂತು.

"ಎಳಿತೈತಿ."

ಅಷ್ಟಾದರೂ ಅವರ ಹಟ ಇಳಿಯಲಿಲ್ಲ. ಸೊಸೆ ನಮ್ಮ ಜೀಪಿನಲ್ಲಿ ಬರಲಿ, ನಿಮ್ಮ ಗಾಡಿ ಹಿಂದೆ ಬರಲಿ ಎಂದರು. ತವರಿನವರು ಮಗಳನ್ನು ಕರೆಯಲು ಬಂದು, ಮಗಳು ಬೀಗರ ಗಾಡಿಯಲ್ಲಿ, ನಾನು ಖಾಲಿ ಗಾಡಿಯಲ್ಲಿ ಹಿಂದೆ ಹಿಂದೆ. ನಾನು ಏನೋ ಹೇಳಲು ಹೋದೆ. ಅಷ್ಟರಲ್ಲಿ ಮಗಳು ಹಸಿರು ಸೀರೆಯುಟ್ಟು, ಒಂದು ಕೈ ನಡುವಿನ ಮೇಲಿಟ್ಟುಕೊಂಡು ಹೊರಗೆ ಬಂದಳು.

"ಮಾವಾರ, ಜೀಪಿನ ಮೆಟ್ಟಲ ಎತ್ತರ. ನನಗ ಹತ್ತಾಕ ಆಗಂಗಿಲ್ಲ," ಎಂದಳು. ನೇರವಾಗಿ ಬಂದು ನನ್ನ ಕಾರಿನ ಬಾಗಿಲು ತೆಗೆದು ಕೂತಳು. ಹಿಂದಿನ ವಾರ ಅದೇ ಜೀಪಿನಲ್ಲಿ ದವಾಖಾನೆಗೆ ಹೋಗಿ ಬಂದಿದ್ದಳು ಎಂಬುದು ಎಲ್ಲರಿಗೂ ಗೊತ್ತಿತ್ತು. ಬೀಗರೂ ಆ ಮಾತು ಎತ್ತಲಿಲ್ಲ. ಎತ್ತದೇ ಇರುವಷ್ಟು ದೊಡ್ಡತನ ಅವರಲ್ಲಿತ್ತು.

ಆದರೆ ಜೀಪು ಹಿಂದೆ ಬಂದೇ ಬಂತು. ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಕನ್ನಡಿಯಲ್ಲಿ ಅದೇ. ನಾನು ನಿಧಾನ ಮಾಡಿದರೆ ಏನಾಯ್ತು ಎಂದು ಹಾರನ್ನು, ಸ್ವಲ್ಪ ಜೋರು ಹೋದರೆ ಸಾವಕಾಶ ಎಂದು ಹಾರನ್ನು. ಶಿರಹಟ್ಟಿಯ ಹತ್ತಿರ ಮಗಳು ನೀರು ಕುಡಿಯಲು ನಿಲ್ಲಿಸು ಎಂದಾಗ, ಜೀಪಿನಿಂದ ಬೀಗರು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಇಳಿದರು. ನಾನು ಹಲ್ಲು ಕಚ್ಚಿಕೊಂಡು ಕೂತೆ. ಮತ್ತೆ ಹೊರಟ ಮೇಲೆ ನನ್ನ ಕಣ್ಣು ಆ ಹಳದಿ ದೀಪದ ಕಡೆ ಹೋಗುತ್ತಲೇ ಇತ್ತು.

"ದೀಪ ನೋಡಬ್ಯಾಡಪ್ಪ, ದಾರಿ ನೋಡು," ಎಂದಳು ಮಗಳು.

ಮನೆಯ ಮುಂದೆ ಹೆಂಡತಿ ಮಗಳ ಮುಖಕ್ಕೆ ರೊಟ್ಟಿ, ನೀರು ನಿವಾಳಿಸಿ ಒಳಗೆ ಕರೆದುಕೊಂಡಳು. ಬೀಗರು ಉಂಡರು, ಚಹಾ ಕುಡಿದರು, ಹೊರಡುವಾಗ ಕೂಸು ಹುಟ್ಟಿದ ಸುದ್ದಿ ಕೇಳಿ ಬರುವಷ್ಟರಲ್ಲಿ ಆ ದೀಪವನ್ನೂ ಆರಿಸಿಡಿ ಎಂದು ಹೇಳಿ ಹೋದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೆಂಡತಿಯ ಕಣ್ಣು ನೋಡಿ ನುಂಗಿಕೊಂಡೆ.

ಮುಂದಿನ ವಾರದ ಒಂದು ಮಧ್ಯಾಹ್ನ ಗೋಧಿಯ ಚೀಲ ಹೇರಿಕೊಂಡು ಬರುತ್ತಿದ್ದೆ. ಹೊಲಗಳ ನಡುವಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ದೀಪ ಹತ್ತಿ, ಆರಿಹೋಯಿತು. ಮತ್ತೆ ಹತ್ತಲಿಲ್ಲ. ಇಷ್ಟು ದಿನ ಮಂದಿಯ ಮುಂದೆಲ್ಲ ಉರಿದ ದೀಪ, ಆರುವಾಗ ಒಂದು ನರಪಿಳ್ಳೆಯೂ ಇಲ್ಲದ ಜಾಗ ನೋಡಿಕೊಂಡಿತ್ತು. ಇಳಿದು ಸುತ್ತ ನೋಡಿದೆ. ದೂರದಲ್ಲಿ ಒಂದು ಎಮ್ಮೆ ಇತ್ತು.

ಚೀಲ ಗಿರಣಿಯಲ್ಲಿ ಇಳಿಸದೆಯೇ ಮನೆಗೆ ಓಡಿಸಿದೆ. ಗಾಡಿ ಚಾಲೂ ಇಟ್ಟುಕೊಂಡೇ ಒಳಗೆ ಹೋಗಿ ಮಗಳನ್ನು ಕರೆಯಲು ಬಾಯಿ ತೆರೆದೆ. ಪಡಸಾಲೆಯಲ್ಲಿ ಆಕೆ ತಾಯಿಯ ತೊಡೆಯ ಮೇಲೆ ತಲೆ ಇಟ್ಟುಕೊಂಡು ಮಲಗಿದ್ದಳು. ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಹೊರಗಿನ ಗಾಡಿಯ ಕಡೆ ಕೈ ಮಾಡಿ, ಅದರ ಸದ್ದು ಮೊದಲು ಬಂದ್ ಮಾಡು ಎಂಬಂತೆ ಸನ್ನೆ ಮಾಡಿದಳು.

ಹೋಗಿ ಬಂದ್ ಮಾಡಿದೆ.